ಕಾರಿನ ಕೀಲಿ ಹುಡುಕಬೇಡಿ

ರೀ,

ಕಾರಿನ ಕೀಲಿ ಬಚ್ಚಿಟ್ಟಿದ್ದೇನೆ. ಮಗಳನ್ನೂ ಅವಳ ಕೂಸನ್ನೂ ಕರೆತರಲು ಬಸ್ಸಿನಲ್ಲಿ ಲಿಂಗಸುಗೂರಿಗೆ ಹೊರಟೆ.

ನಿನ್ನೆ ಮಸ್ಕಿ ರಸ್ತೆಯಲ್ಲಿ ಎದುರಿಗೆ ಬಂದ ಭತ್ತದ ಟ್ರ್ಯಾಕ್ಟರ್ ನಿಮಗೆ ಕಾಣಲಿಲ್ಲ. ನಾನು ಚೀರಿದ ಮೇಲೆ ಬ್ರೇಕ್ ಹಾಕಿದಿರಿ. ಆಮೇಲೆ, “ವಿಮಾನ ಹಾರಿಸಿದಾಂವಗ ಕಾರು ಓಡಸೂದು ಕಲಸ್ತೀಯೇನ?” ಎಂದು ನನಗೇ ಬೈದಿರಿ.

ಹೋದ ಸಲ ಕಣ್ಣಿನ ಡಾಕ್ಟರ ಮುಂದೆ ಗೋಡೆಯ ಮೇಲಿನ ಅಕ್ಷರಗಳನ್ನು ನೀವು ಪಟಪಟ ಹೇಳಿದ್ದು ಕಣ್ಣಿಗೆ ಕಂಡು ಅಲ್ಲ. ಆಗ ವಾಯುಪಡೆಯ ತಪಾಸಣೆಗೆಂದು ಬಾಯಿಪಾಠ ಮಾಡಿದ್ದನ್ನು ನೀವು ಇನ್ನೂ ಮರೆತಿಲ್ಲ, ಅಷ್ಟೇ.

ಕೀಲಿ ಎಲ್ಲಿದೆ ಎಂದು ಈ ಚೀಟಿಯ ಹಿಂದೆ, ಇಲ್ಲಿಯ ಹಾಗೆ ದಪ್ಪಗಲ್ಲ, ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ. ಅದು ನಿಮಗೆ ಬಾಯಿಪಾಠ ಇಲ್ಲ. ಓದಲು ಬಂದರೆ ಕಾರು ತೆಗೆಯಿರಿ.

ಬರದಿದ್ದರೆ, ಮುಚ್ಚಿಟ್ಟ ರೊಟ್ಟಿ ಪಲ್ಯ ಉಂಡು ಸಂಜೆ ನಾಲ್ಕಕ್ಕೆ ನನ್ನ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಬರಲು ತಯಾರಿರಿ. ಡಾಕ್ಟರಿಗೆ ಈ ಸಲ ನಿಜ ಹೇಳಿ. ಕೂಸಿನ ಮುಖವನ್ನಾದರೂ ಕಣ್ಣಾರೆ ನೋಡುವಿರಂತೆ.

ಶಿವಕುಮಾರಿ