ನೈರೋಬಿಯಿಂದ ಹೊಳವನಹಳ್ಳಿಗೆ

ಫೆಬ್ರವರಿ 6, ಮಂಗಳವಾರ

ನನ್ನ ಆಶಾ ಕಾರ್ಯಕರ್ತೆ ಡ್ಯೂಟಿಗೆ ಇವತ್ತೂ ರಜಾ. ಅವ್ವನಿಗೆ ಗಂಜಿ, ಮಾತ್ರೆ. ಎರಡು ಚಮಚ ಇಳಿಯಿತು, ಅಷ್ಟೇ. ತುಮಕೂರಿನ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದ ಮೇಲೆ ದಿನವೂ ಇದೇ.

ಸಂಜೆ ಅವ್ವನಿಗೆ ಎಚ್ಚರವಾಯಿತು.

"ನಿನ್ ತಮ್ಮ ಎಲ್ಲವ್ನೆ ಗಂಗಾ?"

"ಮೂರ್ತಿ ಆಫ್ರಿಕಾದಾಗೆ ಅವ್ನೆ ಕಣವ್ವ. ಬೋರ್‌ವೆಲ್ ಲಾರಿ ಕೆಲ್ಸ. ನೈರೋಬಿ ಕಡೆ."

"ಎಷ್ಟು ದೂರ?"

ಮೊಬೈಲ್ ನೋಡಿ ಹೇಳಿದೆ. ಬೆಂಗಳೂರಿಂದ ನಾಲ್ಕು ಸಾವಿರದ ಏಳುನೂರು ಕಿಲೋಮೀಟರ್ ಚಿಲ್ಲರೆ. ಅರ್ಥವಾಗಲಿಲ್ಲ ಅವಳಿಗೆ. ಬದುಕೆಲ್ಲ ಕುರಿ ಹಿಂದೆ ನಡೆದವಳು.

"ಕುರಿ ಹೊಡ್ಕಂಡು ಹೋದ್ರೆ ಎಷ್ಟು ದಿನ ಆಯ್ತದೆ?"

"ವಿಮಾನದಾಗೆ ಆರು ಗಂಟೆಗೆ ಬೊಂಬಾಯಿ. ಅಲ್ಲಿಂದ ಎರಡು ಗಂಟೆಗೆ ಬೆಂಗ್ಳೂರು."

"ಅಷ್ಟೇನಾ? ಮತ್ಯಾಕೆ ಬಂದಿಲ್ಲ ಎರಡು ವರ್ಸದಿಂದ?"

ಗಂಜಿ ಬಟ್ಟಲು ತೊಳೆಯಲು ಎದ್ದೆ.

ಫೆಬ್ರವರಿ 14, ಬುಧವಾರ

ಕೊನೆಗೂ ಮೂರ್ತಿ ಫೋನ್. ಯಾವುದೋ ಕಾಡಂಚಿನ ಊರಲ್ಲಿ ಕೊರೆಯುತ್ತಿದ್ದಾರಂತೆ. ನೈರೋಬಿಗೆ ಅಲ್ಲಿಂದಲೇ ಒಂದು ದಿನದ ದಾರಿ. ಪಾಸ್‌ಪೋರ್ಟ್ ಓನರ್ ಕೈಯಲ್ಲಿ.

"ಬದ್ಲಿ ಡ್ರಿಲ್ಲರ್ ಬರಾಗಂಟ ಬುಡಲ್ಲ ಅಂತಾನೆ ಅಕ್ಕ."

"ಅವ್ವ ಕಾಯಲ್ಲ ಕಣ್ಲಾ!"

ಬೈದೆ. ಬಾಯಿಗೆ ಬಂದದ್ದೆಲ್ಲ. ಫೋನ್ ಇಟ್ಟ ಮೇಲೆ ಅಳು ಬಂತು.

ಫೆಬ್ರವರಿ 17, ಶನಿವಾರ

ಮೂರ್ತಿಯನ್ನು ಬಿಟ್ಟರಂತೆ, ನೈರೋಬಿ ಸೇರಿದ್ದಾನೆ! ನಾಳೆ ಬೆಳಗಿನ ವಿಮಾನ. ಅವ್ವನಿಗೆ ಹೇಳಿದೆ. ಕಣ್ಣು ತೆರೆಯಲಿಲ್ಲ. ಬೆರಳು ಹಿಸುಕಿದಳು — ಹಿಸುಕಿದಳು ಅಂತ ನಾನು ಅಂದುಕೊಂಡಿದ್ದೇನೆ.

ಫೆಬ್ರವರಿ 18, ಭಾನುವಾರ, ಬೆಳಿಗ್ಗೆ

'ವಿಮಾನ ಹತ್ತಿದೆ ಅಕ್ಕ' ಎಂದು ಮೆಸೇಜ್. ಓದಿ ಹೇಳಿದೆ. ಸ್ವಲ್ಪ ಹೊತ್ತಿಗೆ ಅವ್ವ ಹೋದಳು. ಕೈ ನನ್ನ ಕೈಯಲ್ಲೇ ಇತ್ತು.

ಅವನ ಫೋನ್ ಸ್ವಿಚ್ ಆಫ್. ಇಳಿಯುವ ತನಕ ಅವನ ಪಾಲಿಗೆ ಅವ್ವ ಬದುಕಿದ್ದಾಳೆ.

ಚಿಕ್ಕಪ್ಪ ಚಿಕ್ಕಹನುಮಯ್ಯ ಅವಸರ ಮಾಡಿದರು.

"ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬುಡಾನ ಕಣಮ್ಮ. ಜನ ಎಷ್ಟೊತ್ತು ಅಂತ ಕಾಯ್ತಾರೆ?"

"ಮಗ ದಾರಿಲವ್ನೆ. ಅವ್ನು ಬರಾಗಂಟ ಯಾರೂ ಎತ್ತಂಗಿಲ್ಲ ಚಿಕ್ಕಪ್ಪ."

ಬಾಗಿಲಿಗೆ ಅಡ್ಡ ಕೂತೆ. ಏನೇನೋ ಗೊಣಗಿದರು. ಆಮೇಲೆ ಕೊರಟಗೆರೆಗೆ ಹೋಗಿ ಐಸ್ ಬಾಕ್ಸ್ ತಂದದ್ದೂ ಅವರೇ.

ಮಧ್ಯಾಹ್ನ

ಬೊಂಬಾಯಿಂದ ಫೋನ್. ಎತ್ತುವ ಮೊದಲೇ ತೀರ್ಮಾನ ಮಾಡಿದ್ದೆ, ಹೇಳಬಾರದು. ಇನ್ನೊಂದು ವಿಮಾನ ಹತ್ತಬೇಕು. ಅಷ್ಟು ಜನರ ನಡುವೆ ಒಬ್ಬನೇ...

"ಅಕ್ಕ, ಅವ್ವಂಗೆ ಕೊಡು. ಒಂದೇ ಮಾತು."

"ಮಲಗವ್ಳೆ ಕಣ್ಲಾ."

"ಎಬ್ಬಿಸಬೇಡ ಬುಡು. ಸಮುದ್ರ ದಾಟ್ಬುಟ್ಟೆ ಅಂತ ಕಿವಿಲಿ ಹೇಳು. ನಾನು ಲೈನಲ್ಲೇ ಇರ್ತೀನಿ."

ಐಸ್ ಬಾಕ್ಸ್ ಹತ್ತಿರ ಹೋದೆ. ಬಗ್ಗಿ ಹೇಳಿದೆ. ಸುತ್ತ ಕೂತಿದ್ದವರು ನನ್ನನ್ನೇ ನೋಡುತ್ತಿದ್ದರು.

"ಏನಂದ್ಲಕ್ಕ ಅವ್ವ?"

ನಾನು ಐಸ್ ಬಾಕ್ಸ್ ಮೇಲೆ ಕೈಯಿಟ್ಟು ಹೇಳಿದೆ, "ಬಿರ್ರನೆ ಬಾ ಅಂದ್ಲು ಕಣ್ಲಾ."