ತಲೆಗೆ ನೀರು ಹಾಕಿಕೊಳ್ಳುವ ದಿನ

೧೪ ನವೆಂಬರ್, ಶುಕ್ರವಾರ

ಅಲ್ಲ, ನಿನ್ನೆಯ ಸಿಟ್ಟು ಇವತ್ತೂ ಇಳಿದಿಲ್ಲ. ಮುಟ್ಟು ನಿಂತು ಎಷ್ಟೋ ವರ್ಷವಾದ ತಂಗಿ ದಾನೇಶ್ವರಿಗೆ ಮತ್ತೆ ರಕ್ತ ಹೋಗುತ್ತಿದೆ. ಮಸ್ಕಿಯಲ್ಲಿ ಅವಳ ಅತ್ತೆ ಅವಳನ್ನು ಪಡಸಾಲೆಯ ಮೂಲೆಯಲ್ಲಿ ಕೂರಿಸಿದ್ದಾರೆ. ಕೊರಳಲ್ಲಿ ಲಿಂಗ ಕಟ್ಟಿದವರ ಮನೆಯಲ್ಲಿ ಎಲ್ಲಿಯ ಮೈಲಿಗೆ!

"ಯವ್ವಾ, ಇದು ಮುಟ್ಟಲ್ರೀ, ಜಡ್ಡು," ಎಂದು ನಿನ್ನೆ ಹೋಗಿದ್ದಾಗ ಆ ಅತ್ತೆಗೆ ಅಂದೆ.

"ನಿನ್ ತಂಗಿಗೆ ಮತ್ತ ಹರೇ ಬಂದೈತಿ ಬಿಡಪ," ಎಂದು ನಕ್ಕರು.

ನನ್ನ ಹೆಂಡತಿ ಶೇಖರಮ್ಮ ಗರ್ಭಕೋಶದ ಕ್ಯಾನ್ಸರಿನಿಂದ ಹೋದಳು. ಅವಳಿಗೂ ಹೀಗೆಯೇ ಶುರುವಾಗಿತ್ತು. ಡಾಕ್ಟರಮ್ಮ ಹೇಳಿದ್ದರು: ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟರಾನ್ ಅದಕ್ಕೆ ಕಡಿವಾಣ ಹಾಕುತ್ತದೆ. ಮುಟ್ಟು ನಿಂತ ಮೇಲೆ ಕಡಿವಾಣ ಹೋಗುತ್ತದೆ, ಮೈಯ ಕೊಬ್ಬು ಮಾತ್ರ ಈಸ್ಟ್ರೋಜೆನ್ ಮಾಡುತ್ತಲೇ ಇರುತ್ತದೆ. 'ಅನ್‌ಅಪೋಸ್ಡ್' ಅಂದಿದ್ದರು. ಕಾಲೇಜಿನ ಇಂಗ್ಲಿಷಿನಲ್ಲಿ ಆ ಪದವೊಂದು ಉಳಿದಿತ್ತು: ಅವಿರೋಧ ಆಯ್ಕೆ. ಅವಿರೋಧವಾಗಿ ಬಂದವರು ಪಂಚಾಯಿತಿಯನ್ನು ಏನು ಮಾಡಿದರೆಂದು ನೋಡಿಲ್ಲವೇ?

ಎಲ್ಲಕ್ಕಿಂತ ಉರಿಸಿದ್ದು ದಾನೇಶ್ವರಿಯ ಮಾತು. "ಅಣ್ಣ, ರಕ್ತ ನಿಂತು ತಲಿಗೆ ನೀರು ಹಾಕ್ಕೊಂಡ ಮ್ಯಾಲ ದವಾಖಾನಿಗೆ ಬರ್ತೀನಿ."

ನಿಲ್ಲದ ರಕ್ತಕ್ಕೇ ಅಲ್ಲವೇ ದವಾಖಾನೆ! ನಾಳೆ ಮೊದಲ ಬಸ್ಸಿಗೆ ಹೋಗಿ, ಮೂಲೆಯಿಂದ ಅವಳನ್ನು ಕೈ ಹಿಡಿದು ಎಬ್ಬಿಸುತ್ತೇನೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರೆ ಅವರನ್ನೂ ಮುಟ್ಟಿಕೊಂಡೇ ದಾಟುತ್ತೇವೆ. ಕರೆಂಟಿಲ್ಲ, ಎಮರ್ಜೆನ್ಸಿ ಲೈಟಿನ ಬೆಳಕೂ ಹೋಗುತ್ತಿದೆ, ಅಕ್ಷರ...