ಮಗು ಇದ್ದ ಗುರುತಿಲ್ಲ

ಮಾರ್ಚ್ 4, ರಾತ್ರಿ 12
ಇವತ್ತು ಮೂರನೇ ಫ್ಲೋರ್ ಪೂರ್ತಿ ಒಬ್ಬಳೇ ಮಾಡ್ದೆ. ಬೆಡ್‌ಶೀಟ್ ಬದಲಾಯಿಸೋದು, ಕನ್ನಡಿ ಒರೆಸೋದು. ಬಾತ್‌ರೂಮಲ್ಲಿ ಒಂದು ಕೂದಲೂ ಬಿಡೋ ಹಾಗಿಲ್ಲ. ಹಿಂದಿನ ರಾತ್ರಿ ಅಲ್ಲಿ ಯಾರೂ ಮಲಗೇ ಇರ್ಲಿಲ್ಲ ಅನ್ನಿಸ್ಬೇಕು. ಹೋಟೆಲ್ ಕೆಲಸ ಅಂದ್ರೆ ಅಷ್ಟೇ.
ನಾಳೆ ಕೋರ್ಟಲ್ಲಿ ಆರ್ಡರ್. ನನ್ನ ಮಗಳು ಬುಗುರಿ ಯಾರ ಹತ್ರ ಇರ್ಬೇಕು ಅಂತ. ನನ್ನ ಹತ್ರಾನೇ, ಇನ್ಯಾರ ಹತ್ರ... ಐದು ವರ್ಷದ ಕೂಸು. ಈ ಊರಿಗೆ ಬಂದ್ಮೇಲೆ ಇದು ನಾಲ್ಕನೇ ಮನೆ. ಕಾಲಲ್ಲಿ ಚಕ್ರ ಇದೆ ನಿಂಗೆ ಅಂತ ಅಮ್ಮ ಬೈತಾಳೆ. ನಿಜಾನೇ. ಹೀಗೆ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಮಾತಾಡ್ತಾ ಮಾತಾಡ್ತಾ ಬಸ್‌ಸ್ಟಾಪ್ ದಾಟಿ ಬಂದ್ಬಿಟ್ಟೆ.

ಮಾರ್ಚ್ 5
ಅವರಪ್ಪಂಗೆ ಕೊಟ್ರು.
...ಕೊಟ್ಬಿಟ್ರು.

ಮಾರ್ಚ್ 9, ರಾತ್ರಿ 1
ಲಾಯರಮ್ಮ ಆರ್ಡರ್ ಓದಿ ಹೇಳಿದ್ರು. ಕೋರ್ಟ್ ಕಡೆಯಿಂದ ಮನೆ ನೋಡೋಕೆ ಬಂದಿದ್ದ ಆಫೀಸರ್ ಬರೆದಿದಾರಂತೆ — ಮನೆಯಲ್ಲಿ ಮಗು ಇದ್ದ ಗುರುತಿಲ್ಲ.
"ಆಟದ ಸಾಮಾನು ಇರ್ಲಿಲ್ವೇನಮ್ಮ?"
"ಇತ್ತು ಮೇಡಂ. ಚೀಲಕ್ಕೆ ತುಂಬಿ ಪಕ್ಕದ ಮನೆ ಅಕ್ಕನ ಹತ್ರ ಇಟ್ಟಿದ್ದೆ. ಗೋಡೆ ತುಂಬ ಗೀಚಿದ್ಲು, ಉಜ್ಜಿ ತೆಗೆದೆ."
"ಯಾಕೆ?"
"ಆಫೀಸರ್ ಬರ್ತಾರೆ ಅಂದ್ರಲ್ಲ ಮೇಡಂ... ದೊಡ್ಡೋರು ಮನೆಗೆ ಬರೋವಾಗ..."
ಕನ್ನಡಕ ತೆಗೆದಿಟ್ರು. ಬೈದಿದ್ರೇ ಚೆನ್ನಾಗಿರ್ತಿತ್ತು.
ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕ್ಕೊಂಡೆ. ಆಫೀಸರ್ ಬರೋ ದಿನ ಬುಗುರೀನೂ ಸ್ಕೂಲಿಗೆ ಹೋಗೋ ಮುಂಚೆ ನನ್ನ ಜೊತೆ ಎಲ್ಲಾ ಎತ್ತಿಟ್ಲು, ಪಾಪ. "ಸಾಹೇಬ್ರು ಬಂದ್ರೆ ನಾನೂ ಬಚ್ಚಿಟ್ಕೊಳ್ಲಾ ಅಮ್ಮ?" ಅಂದ್ಲು. ಹೂಂ ಅಂದು ನಕ್ಕಿದ್ದೆ.

ಏಪ್ರಿಲ್ 22
ಅಪೀಲ್ ತಗೊಂಡಿದಾರೆ. ಇನ್ನೊಂದ್ಸಲ ಮನೆ ನೋಡ್ತಾರಂತೆ, ಬುಗುರಿ ನನ್ನ ಹತ್ರ ಬರೋ ಶನಿವಾರ. ಲಾಯರಮ್ಮ ಕೈ ಮುಗಿದ್ರು — "ತಾಯಿ, ಈ ಸಲ ಪೊರಕೆ ಮುಟ್ಬೇಡ."

ಮೇ 9, ರಾತ್ರಿ 2
ಬಾಗಿಲ ತನಕ ಹರಡಿದೀನಿ. ಗೊಂಬೆ, ಬಣ್ಣದ ಪೆನ್ಸಿಲ್, ಸೊಂಡಿಲು ಮುರಿದ ಆನೆ, ಪುಟ್ಟ ಚಪ್ಪಲಿ.
ಸಂಜೆ ಅಕ್ಕ ಬಾಗಿಲಲ್ಲೇ ನಿಂತ್ಲು. "ಏನೇ ಇದು, ಸಂತೆ ಬೀದಿ! ಕಾಲಿಡೋಕೆ ಜಾಗ ಇಲ್ಲ."
"ಇರ್ಲಿ ಬಿಡಕ್ಕ."
"ಆ ಚಪ್ಪಲಿ ಅವಳಿಗೀಗ ಆಗಲ್ಲ ಕಣೇ."
ನೋಡ್ದೆ... ಹೌದು.
ಎತ್ತಿಡೋಣ ಅಂತ ಕೈ ಕಡೀತಿದೆ. ಕಂಕುಳಲ್ಲಿ ಕೈ ಸಿಗಿಸ್ಕೊಂಡು ಕೂತಿದೀನಿ.

ಮೇ 10, ಬೆಳಿಗ್ಗೆ
ಅಯ್ಯೋ. ಯಾರಿಗೆ ಹೇಳ್ಲಿ... ಅವರಪ್ಪ ಬುಗುರೀನ ಇಲ್ಲಿ ಬಿಟ್ಟು ಹೋದ, ನಾನು ಸ್ನಾನಕ್ಕೆ ಹೋಗಿ ಬಂದೆ, ಅಷ್ಟೇ. ಮನೆ ಖಾಲಿ. ಗೊಂಬೆ ಇಲ್ಲ, ಪೆನ್ಸಿಲ್ ಇಲ್ಲ. ಹಾಸಿಗೆ ಮೇಲೆ ಒಂದು ಸುಕ್ಕಿಲ್ಲ. ಬುಗುರಿ ಚೀಲದ ಮೇಲೆ ಕೂತು ನಗ್ತಿದಾಳೆ.
"ಸಾಹೇಬ್ರು ಬರ್ತಾರಂತಲ್ಲಮ್ಮ. ಎಲ್ಲಾ ನಾನೇ ಎತ್ತಿಟ್ಟೆ. ಹೋದ್ಸಲ ಥರಾನೇ!"
ಚೀಲದ ಗಂಟು ಬಿಚ್ಚೋಕಾಗ್ತಿಲ್ಲ. ಹಲ್ಲಲ್ಲೂ ಆಗ್ತಿಲ್ಲ. ಬಾಗಿಲು ತಟ್ತಿದಾರೆ... ಬುಗುರಿ? ಎಲ್ಲಿ ಹೋದೆ? ಬಾ ಕಂದ, ಈಚೆಗೆ ಬಾ—
ಮಂಚದ ಕೆಳಗಿಂದ, ಮೆಲ್ಲಗೆ — "ಶ್... ನಾನಿಲ್ಲ ಅಂತ ಹೇಳಮ್ಮ."
ಬಂದೆ ಸಾರ್, ಒಂದ್ನಿಮಿಷ, ಇವಳು ಇಲ್ಲೇ—